ನಾಲ್ಕು ತೂತಿನ ಕೋಳ

ಬೀಗ ಜಾಮ್ ಆಗಬಹುದಿತ್ತು. ಕಾಲು ಬಾತುಕೊಳ್ಳಬಹುದಿತ್ತು. ಮನೆ ಮಾಲೀಕರು ಪೊಲೀಸರನ್ನು ಕರೆಯಬಹುದಿತ್ತು. ಹೃದ್ರೋಗಿಯ ಕಾಲಿಗೆ ಕೋಳ ಹಾಕಿದವನಾರೆಂದು ಅವರು ಕೇಳಬಹುದಿತ್ತು. ಎಲ್ಲರೂ ನನ್ನನ್ನೇ ತೋರಿಸಬಹುದಿತ್ತು! ಲೋಟದ ನೀರು ಕಂಡರೂ ಮುಳುಗುವ ಚಿಂತೆ ಮಾಡುವವನು ನಾನು, ನಿಜ. ಆದರೆ ನನ್ನ ಸೋದರಮಾವನಂಥವರು ಮನೆಯಲ್ಲಿದ್ದರೆ ಯಾರಿಗೆ ತಾನೇ ನೆಮ್ಮದಿ?

ಸ್ವಂತ ಜೈಲು ಇಟ್ಟುಕೊಂಡ ಏಕೈಕ ನಿವೃತ್ತ ಗುಮಾಸ್ತರು ಅವರು. ಆಂಧ್ರ ಸರ್ಕಾರದ ಪಿಂಚಣಿ, ಬೀದರ ಸೀಮೆಯ ಹಟ! ಊರಿನ ಹಳೆಯ ಚಾವಡಿ ಕೆಡವಿದಾಗ ಉಳಿದವರು ಬಾಗಿಲು, ತೊಲೆ ಒಯ್ದರು. ಇವರು ಕಳ್ಳರ ಕಾಲು ಸಿಕ್ಕಿಸುತ್ತಿದ್ದ ಮರದ ಕೋಳವನ್ನು ಲಾರಿಗೆ ಹೇರಿಕೊಂಡು ಹೈದರಾಬಾದಿಗೆ ಬಂದರು. ಎರಡು ದಿಮ್ಮಿ, ನಾಲ್ಕು ತೂತು, ಒಂದು ಬೀಗ. ಇಬ್ಬರು ಕಳ್ಳರಿಗೆ ಧಾರಾಳ.

ನಾಂಪಲ್ಲಿಯ ಬಾಡಿಗೆ ಮನೆಯ ವರಾಂಡದಲ್ಲಿ ಅದರ ಪ್ರತಿಷ್ಠಾಪನೆಯಾಯಿತು. ನುಮಾಯಿಷ್ ವಸ್ತುಪ್ರದರ್ಶನ ನೋಡಲು ಬಂದ ನೆಂಟರಿಗೂ ಚಹಾಕ್ಕಿಂತ ಮೊದಲು ಕೋಳ! ಹಾಲಿನವನಂತೂ ಕಾಲಿಟ್ಟ ಕೂಡಲೇ, ಯಾರೂ ಕೇಳದಿದ್ದರೂ, ನೀರು ಬೆರೆಸಿದ್ದನ್ನು ಒಪ್ಪಿಕೊಂಡುಬಿಟ್ಟ.

ಕಾಲು ಕೊಡದವರು ಅತ್ತೆ ಒಬ್ಬರೇ.

"ಬಾ, ಒಮ್ಮೆರೆ ಕುಂತು ನೋಡು."

"ನಿಮ್ಮ ಮನ್ಯಾಗ ಇಷ್ಟು ವರ್ಷ ಕುಂತೀನಲ್ಲ, ಅದು ಸಾಲದೇನ್ರಿ?"

ಇಂಥ ಮಾವನಿಗೆ ಹೃದಯದ ಆಪರೇಷನ್ ಆಗಲೇಬೇಕು, ತಡ ಮಾಡಿದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಎರಡು ಸಲ ದಿನ ಗೊತ್ತಾಯಿತು. ಎರಡೂ ಸಲ ಮಾವ ಬೆಳಿಗ್ಗೆಯೇ ಮಾಯ! ಒಮ್ಮೆ ಬೇಗಂ ಬಜಾರಿನಲ್ಲಿ ಸಿಕ್ಕರು, ಕೊಳ್ಳದ ಬೆಲ್ಲದ ರುಚಿ ನೋಡುತ್ತ. ಮೂರನೆಯ ಸಲ ಅತ್ತೆ ಕೋಳದ ಬೀಗದಕೈಯನ್ನು ನನ್ನ ಕೈಗಿಟ್ಟರು.

"ಹಾಕು. ಆಟೋ ಬರೂತನಕ ಬಿಡಬ್ಯಾಡ."

ಮಾವ ಖುಷಿಯಿಂದಲೇ ಕುಳಿತರು. "ಸರಿಯಾಗಿ ಜಡಿಯೋ! ಕೈದಿ ಭಾಳ ಡೇಂಜರ್ ಅದಾನ."

ಆಟೋ ಬಂತು. ಬೀಗ ಒಂದೇ ತಿರುವಿಗೆ ತೆರೆಯಿತು. ಮೇಲಿನ ದಿಮ್ಮಿ ಎತ್ತಿದೆ. ಮಾವ ಕಾಲು ತೆಗೆಯಲಿಲ್ಲ.

"ಏಳ್ರಿ ಮಾಮಾ."

"ಇನ್ನೊಂದೀಟು ಇರ್ಲಿ ಬಿಡೋ. ಇಲ್ಲೇ ಛಲೋ ಐತಿ." ಅವರು ಕೆಳಗಿನ ದಿಮ್ಮಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಅತ್ತೆ ಆಸ್ಪತ್ರೆಯ ಚೀಲ ಕೆಳಗಿಟ್ಟರು. ನೆರಿಗೆ ಒತ್ತಿಕೊಂಡು ಪಕ್ಕದಲ್ಲಿ ಕುಳಿತು, ಉಳಿದೆರಡು ತೂತಿನಲ್ಲಿ ತಮ್ಮ ಕಾಲಿಟ್ಟರು.

"ಆತೇನ್ರಿ? ಕುಂತೆ, ನೋಡಿದೆ. ಈಗ ನಡೀರಿ, ಇಬ್ರೂ ಕೂಡೇ ಹೋಗೂಣು."

ಮಾವ ಎದ್ದರು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಕಾಲು ಎಳೆದುಕೊಳ್ಳುವಾಗ ಅತ್ತೆಯ ಕಾಲುಂಗುರ ಮರದ ಬಿರುಕಿಗೆ ಸಿಕ್ಕಿಕೊಂಡಿತು, ಅಷ್ಟೇ. ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಮಾವ ನೆಲಕ್ಕೆ ಕೂತು, ಅತ್ತೆಯ ಪಾದ ಹಿಡಿದು, ಮೆಲ್ಲಗೆ ಬಿಡಿಸುತ್ತಿದ್ದರು.