ಹುಯಿಲಗೋಳ ಮಾಸ್ತರರ ಅವಿಭಾಜ್ಯ ದಿಗ್ವಿಜಯ

ಸಕಲ ಅಂಕಿಗಳ ತಾಯೇ, ಸೊನ್ನೆಯೊಳಗೆ ಅಡಗಿ ಕುಳಿತ ಗಣಿತಶಾರದೆಯೇ, ಹದಿನೇಳರ ಮಗ್ಗಿಯನ್ನೇ ನೆಟ್ಟಗೆ ಒಪ್ಪಿಸಲಾರದ ಈ ಕಥೆಗಾರನ ನಾಲಗೆಯ ಮೇಲೆ ಅರೆಗಳಿಗೆ ನಿಲ್ಲು. ಕ್ಯಾಲ್ಕ್ಯುಲೇಟರೆಂಬ ಕಲಿಪುರುಷನು ಎಲ್ಲರ ಜೇಬು ಹೊಕ್ಕ ಈ ಘೋರಯುಗದಲ್ಲಿ, ಗದಗ ಸೀಮೆಯ ಒಂದು ಹೈಸ್ಕೂಲಿನ ಸ್ಟಾಫ್‌ರೂಮೆಂಬ ಆಸ್ಥಾನದಲ್ಲಿ, ಬರಿಗೈಯಿಂದಲೇ ಲೆಕ್ಕಗಳ ಸೊಕ್ಕಡಗಿಸುತ್ತಿದ್ದ ಭಾಗಾಕಾರಭಯಂಕರ, ಸುರುಳಿಮೀಸೆಮಂಡಿತ ಸಂಗನಬಸಪ್ಪ ಹುಯಿಲಗೋಳ ಮಾಸ್ತರರ ಕಥೆಯಿದು.

ಆ ಮೀಸೆ ಇಪ್ಪತ್ತೆರಡು ವರ್ಷದ ಕೃಷಿ. ಮಾಸ್ತರರಿಗೆ ಅದರ ಮೇಲೆ ಜೀವ.

ಒಂದು ಸೋಮವಾರ ಚಹಾದ ಹೊತ್ತಿನಲ್ಲಿ ಅವರು ಗರ್ಜಿಸಿದರು: "ಯಾವ ಸಂಖ್ಯೇನರ ಕೊಡ್ರಿ. ಅದರ ಮಾರಿ ನೋಡೇ ಜಾತಕ ಹೇಳ್ತೀನಿ."

ಕನ್ನಡ ಕಲಿಸುವ ಶಿವಲೀಲಾ ಅಕ್ಕೋರು, ಗಾದೆಗಳ ಬತ್ತಳಿಕೆ ಹೊತ್ತ ವ್ಯಾಕರಣವಜ್ರಾಂಗಿ, ಮನಸ್ಸಿಗೆ ಬಂದ ಆರಂಕಿಯ ಸಂಖ್ಯೆಯನ್ನು ತಮ್ಮ ರೂಢಿಯಂತೆ ಕನ್ನಡ ಅಂಕಿಗಳಲ್ಲೇ ಗೀಚಿ ಚೀಟಿ ಸರಿಸಿದರು. ಮಾಸ್ತರರು ಕಣ್ಣು ಹಾಯಿಸಿದರು. ಒಂದು ಲಕ್ಷದ ನಾಲ್ಕು ಸಾವಿರದ ಏಳುನೂರ ಇಪ್ಪತ್ತೊಂಬತ್ತು.

"ಇದು ಅವಿಭಾಜ್ಯ. ಒಂದು ಮತ್ತ ತಾನು ಬಿಟ್ರ ಯಾವ ಸಂಖ್ಯೇನೂ ಇದನ್ನ ಭಾಗಸೂದಿಲ್ಲ. ತಪ್ಪಿದ್ರ ಮೀಸಿ ಬೋಳಸ್ತೀನಿ."

ಅಕ್ಕೋರು ಚಹಾ ಕೆಳಗಿಟ್ಟರು. "ಇನ್ನೊಮ್ಮೆ ನೋಡ್ರಿ ಸರ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು."

"ಗುರುವಾರ ಸಿದ್ಧ ಮಾಡಿ ತೋರಸ್ತೀನಿ."

ಮೊದಲಾಯಿತು ಸಂಗ್ರಾಮ. ವರ್ಗಮೂಲಧರ್ಮದ ಪ್ರಕಾರ ಎರಡರಿಂದ ಮುನ್ನೂರ ಹದಿನೇಳರವರೆಗಿನ ಅರವತ್ತಾರು ಅವಿಭಾಜ್ಯರನ್ನು ಸೋಲಿಸಿದರೆ ಸಾಕು. ಎರಡೆಂಬುವನನ್ನು ಮಾಸ್ತರರು ಹೋರಾಟಕ್ಕೂ ಕರೆಯಲಿಲ್ಲ. ಕೊನೆಯ ಅಂಕಿ ಬೆಸ, ಅವನೊಡನೆ ಎಂಥ ಯುದ್ಧ. ಮೂರು ಬಂದು ಎರಡು ಶೇಷ ಬಿಟ್ಟು ಓಡಿತು. ಏಳೂ ಅಷ್ಟೇ ಬಿಟ್ಟು ಕಾಲ್ತೆಗೆಯಿತು. ಹದಿಮೂರು ಮಾತ್ರ ಕೋಟೆಬಾಗಿಲವರೆಗೂ ನುಗ್ಗಿ, ಒಂದೇ ಒಂದು ಶೇಷದಿಂದ ಮುಗ್ಗರಿಸಿದಾಗ, ಮಾಸ್ತರರ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಅವರು ನಿಜಕ್ಕೂ ಹೆದರಿದ್ದರು. ಮೂರು ದಿನದ ಬಿಡುವಿನ ಪಿರಿಯಡ್‌ಗಳೆಲ್ಲ ಹೀಗೇ ಸಂದವು. ಹಳೆಯ ಉತ್ತರಪತ್ರಿಕೆಗಳ ಬೆನ್ನೆಲ್ಲ ರಕ್ತಮಯವಾಯಿತು, ಕೆಂಪು ಶಾಯಿಯ ರಕ್ತ. ಕಟ್ಟಕಡೆಯ ಮುನ್ನೂರ ಹದಿನೇಳು ನೂರಾ ಹತ್ತೊಂಬತ್ತು ಶೇಷಗಳನ್ನು ಚೆಲ್ಲಿ ನೆಲಕಚ್ಚಿತು.

ಗುರುವಾರ ವೀರರು ಕಾಗದದ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು. "ನೋಡ್ರಿ ಅಕ್ಕೋರ. ಒಂದು ಲಕ್ಷದ ನಾಲ್ಕು ಸಾವಿರದ ಏಳುನೂರಾ ಇಪ್ಪತ್ತೊಂಬತ್ತು. ಯಾರ ಕೈಗೂ ಸಿಕ್ಕಿಲ್ಲ."

"ಇಪ್ಪತ್ತೊಂಬತ್ತು ಯಾಕ್ರಿ ಸರ? ನಾ ಬರದದ್ದು ಇಪ್ಪತ್ತಾರು."

ಚೀಟಿ ಹೊರಬಂತು. ಕನ್ನಡದ ಆರೂ ಒಂಬತ್ತೂ ಅಣ್ಣತಮ್ಮಂದಿರ ಹಾಗೆ. ಆದರೆ ಅಲ್ಲಿ ಕುಳಿತಿದ್ದದ್ದು ಆರೇ. ಸಮಸಂಖ್ಯೆ. ಮೂರನೇ ಈಯತ್ತೆಯ ಮಕ್ಕಳೂ ಅದನ್ನು ಎರಡು ಪಾಲು ಮಾಡಿಯಾರು. ಮಾಸ್ತರರಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆಮೇಲೆ, ಯಾಕೋ, ನಗು ತಡೆಯಲಾಗಲಿಲ್ಲ.

"ಮೀಸಿ ಇರ್ಲಿ ಬಿಡ್ರಿ ಸರ," ಎಂದರು ಅಕ್ಕೋರು. "ಚ್ಯಾಷ್ಟಿಗೆ ಆಡಿದ ಮಾತು."

"ಕನ್ನಡ ಅಂಕಿ ಓದಾಕ ಬರದಾಂವಗ ಮೀಸಿ ಯಾಕ್ರಿ," ಎಂದು ಮಾಸ್ತರರು ಎದ್ದರು.

ಸಂಜೆ ಕ್ಷೌರದಂಗಡಿಯ ಈರಣ್ಣ ಕತ್ತರಿ ಹಿಡಿದು ನಿಂತ. ಅಂಥ ಮೀಸೆಗೆ ಕೈ ಹಾಕಲು ಅವನಿಗೂ ಮನಸ್ಸಿಲ್ಲ. "ಪೂರಾ ತಗೀಲೇನ್ರಿ ಸರ, ಇಲ್ಲಾ ಅರ್ಧಕ್ಕ ಇಳಸ್ಲ್ಯಾ?"

"ಪೂರಾ ತಗಿ ಈರಣ್ಣ," ಎಂದರು ಭಾಗಾಕಾರಭಯಂಕರರು. "ಎರಡರಲೆ ಭಾಗಸೂದು ನನಗ ಬರಂಗಿಲ್ಲ."