ಪಿಸ್ತೂಲಿನ ಕೆಂಪು ಚುಕ್ಕೆ

ಗುರಿ ಇಟ್ಟು ಹೊಡೆಯುವುದಕ್ಕಿಂತ ಸುಲಭದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನು ಪೂರ್ತಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನನ್ನ ಗಾಳಿ ಪಿಸ್ತೂಲಿನ ಮೇಲೆ ಹೆಬ್ಬೆರಳಗಲದ ಒಂದು ಗಾಜು. ಗುಂಡಿ ಒತ್ತಿದರೆ ಅದರೊಳಗೆ ಕೆಂಪು ಚುಕ್ಕೆ ಹೊಳೆಯುತ್ತದೆ. ಚುಕ್ಕೆ ಎಲ್ಲಿ ಕೂತರೆ ಗುಂಡು ಅಲ್ಲಿಗೇ. ಇದರಲ್ಲಿ ತಪ್ಪುವುದಕ್ಕೆ ಜಾಗವೆಲ್ಲಿದೆ?

ನಾನು ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವವನು. ಐವತ್ತು ದಾಟಿದ ಮೇಲೆ ರಾಯಚೂರಿನ ಒಂದು ಶೂಟಿಂಗ್ ಕ್ಲಬ್ಬಿಗೆ ಸೇರಿದೆ. ಕಾರಣ, ನನ್ನ ಹೆಂಡತಿ ನೀಲಮ್ಮ. ಮದುವೆಯಾದಾಗಿನಿಂದ ಅವಳು ನನ್ನ ಸೋಲುಗಳನ್ನೆಲ್ಲ ಹತ್ತಿರದಿಂದ ನೋಡಿದ್ದಾಳೆ. ಹಾರ್ಮೋನಿಯಂ ಹಿಡಿದೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಪಕ್ಕದವರು ವಿಚಾರಿಸಲು ಬಂದರು. ಚೀಕಲಪರ್ವಿಯ ಹೊಳೆಯಲ್ಲಿ ಈಜು ಕಲಿಯಲು ಇಳಿದೆ, ಎಮ್ಮೆ ತೊಳೆಯುತ್ತಿದ್ದವರು ನನ್ನನ್ನೂ ಮೇಲೆಳೆದರು. ಅವಳು ಒಮ್ಮೆಯೂ ನಗಲಿಲ್ಲ, ಸುಮ್ಮನೆ ಟವೆಲ್ ತಂದು ಕೊಟ್ಟಳು. ಆ ಟವೆಲ್ಲೇ ನನ್ನನ್ನು ಚುಚ್ಚುತ್ತಿತ್ತು. ಒಂದೇ ಒಂದು ಸಲ ಅವಳ ಕಣ್ಣೆದುರಿಗೆ ಏನನ್ನಾದರೂ ಸರಿಯಾಗಿ ಮಾಡಿ ತೋರಿಸಬೇಕು ಎಂಬುದಷ್ಟೇ ನನ್ನ ಆಸೆ.

ಕ್ಲಬ್ಬಿನಲ್ಲಿ ಕಲಿಸುವವರು ಸೈನ್ಯದಿಂದ ನಿವೃತ್ತರಾದ ಇಮಾಮ್ ಸಾಹೇಬರು. ಅವರು ಒಂದು ದಿನ ನನ್ನ ಚುಕ್ಕೆಯನ್ನು ನೋಡಿ ಕೇಳಿದರು.

"ಸಾವ್ಕಾರ್ರ, ಇದು ಸೆಲ್ ಮ್ಯಾಲ ನಡೀತದ. ಒಂದಿನ ಆರತದ. ಆಗೇನ್ ಮಾಡ್ತೀರಿ?"

"ಹೊಸಾ ಸೆಲ್ ಹಾಕ್ತೀನ್ರಿ."

ಸಾಹೇಬರು ಗೋಡೆಗೆ ಅಂಟಿಸಿದ್ದ ಸ್ಪರ್ಧೆಯ ನಿಯಮ ತೋರಿಸಿದರು. "ಈ ಸಲದ ಸ್ಪರ್ಧಾದಾಗ ಎರಡ್ನೇ ಸುತ್ತು ಎಲ್ಲಾರೂ ಚುಕ್ಕಿ ಆರಿಸಿ ಹೊಡೀಬೇಕು. ಮನ್ಯಾಗ ತಯಾರಿ ಮಾಡ್ಕೋರಿ."

ತಯಾರಿಯ ವಿಧಾನ ಎರಡು. ಮೊದಲನೆಯದು, ಗಾಜಿನ ಮುಂಭಾಗಕ್ಕೆ ಪಟ್ಟಿ ಅಂಟಿಸಿ ಎರಡೂ ಕಣ್ಣು ತೆರೆದು ಹೊಡೆಯುವುದು. ಒಂದು ಕಣ್ಣು ಚುಕ್ಕೆ ನೋಡುತ್ತದೆ, ಇನ್ನೊಂದು ಗುರಿ ನೋಡುತ್ತದೆ, ತಲೆ ಎರಡನ್ನೂ ಕೂಡಿಸುತ್ತದೆ. ಎರಡನೆಯದು, ಚುಕ್ಕೆಯನ್ನೇ ಆರಿಸಿ, ಖಾಲಿ ಗಾಜನ್ನು ಕಿಟಕಿಯ ಚೌಕಟ್ಟಿನಂತೆ ಹಿಡಿದು ಗುರಿಯನ್ನು ಅದರ ನಟ್ಟನಡುವೆ ಕೂರಿಸುವುದು.

ಗಿರಣಿಯ ಗೋದಾಮಿನಲ್ಲಿ ಹೊಟ್ಟಿನ ಚೀಲ ಒಟ್ಟಿ, ಗುರಿಯ ಕಾಗದ ಸಿಕ್ಕಿಸಿ, ಬಾಗಿಲಿಗೆ ಚಿಲಕ ಹಾಕಿ ಅಭ್ಯಾಸಕ್ಕೆ ನಿಂತೆ. ನೀಲಮ್ಮ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಂಟಿಸಲು ಪಟ್ಟಿ ಮಾತ್ರ ಸಿಗಲಿಲ್ಲ.

"ಇದ ಸಾಕಾಗತದೇನ್ ನೋಡ್ರಿ," ಎಂದು ನೀಲಮ್ಮ ತನ್ನ ಹಣೆಯ ದೊಡ್ಡ ಟಿಕಳಿ ಕಿತ್ತು ಕೊಟ್ಟಳು. ಅಳತೆ ತೆಗೆದು ಮಾಡಿಸಿದಂತೆ ಗಾಜಿಗೆ ಕೂತಿತು. ಗುಂಡುಗಳೂ ಕಾಗದಕ್ಕೇ ಬಿದ್ದವು.

"ನಿನ್ನ ಟಿಕಳಿಗಿ ಮಿಲಿಟ್ರ್ಯಾಗ ನೌಕರಿ ಸಿಗತದ ನೋಡು," ಎಂದೆ. ಅವಳು ನಾಚಿಕೊಂಡಳು.

ಎರಡನೆಯ ವಿಧಾನಕ್ಕೆ ಇಳಿದೆ. ಮೊದಲ ಗುಂಡಿಗೆ ಮೇಲಿನ ಚೀಲ ತೂತಾಗಿ ಹೊಟ್ಟು ಸುರ್ರನೆ ಸುರಿಯತೊಡಗಿತು. ಮುಂದಿನದಕ್ಕೆ ಗೋಡೆಯ ಗಡಿಯಾರ ನಿಂತಿತು. ಅದರ ಮುಂದಿನದು ನನ್ನದೇ ಬುತ್ತಿಗಂಟಿನೊಳಗೆ ಹೊಕ್ಕು ಜೋಳದ ರೊಟ್ಟಿಯಲ್ಲಿ ಸಿಕ್ಕಿಕೊಂಡಿತು. ಬುತ್ತಿಯನ್ನು ಚೀಲದ ಮೇಲಿಟ್ಟ ಮಹಾಶಯನೂ ನಾನೇ. ಇಡೀ ಗೋದಾಮಿನಲ್ಲಿ ಗುರಿಯ ಕಾಗದವೊಂದು ಕ್ಷೇಮವಾಗಿತ್ತು.

"ಚುಕ್ಕಿ ಇಲ್ದಿದ್ರ ನಾ ಮುಗದ್ನಿ, ನೀಲಾ," ಎಂದೆ. ಆಮೇಲೆ ದಿನಾ ಅದೇ ಮಾತು ಹೇಳಿದೆ. ಅವಳು ದಿನಾ ಹೊಟ್ಟು ಗುಡಿಸಿದಳು.

ಸ್ಪರ್ಧೆಯ ದಿನ ನೀಲಮ್ಮ ಇಳಕಲ್ ಸೀರೆ ಉಟ್ಟು ರಾಯಚೂರಿಗೆ ಬಂದಳು. ಮೊದಲ ಸುತ್ತು ಚುಕ್ಕೆಯ ಕೃಪೆಯಿಂದ ಮರ್ಯಾದೆಯಾಗಿ ಮುಗಿಯಿತು. ಚಹಾದ ವಿರಾಮದಲ್ಲಿ ಗುಂಡು ತೆಗೆದ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಅವಳ ತೊಡೆಯ ಮೇಲಿಟ್ಟು ಹೊರಗೆ ಹೋದೆ. ಅರ್ಧ ಚಹಾ ಅಂಗಿಯ ಪಾಲಾಯಿತು.

ಎರಡನೆಯ ಸುತ್ತು. ಎಲ್ಲರೂ ಚುಕ್ಕೆ ಆರಿಸಿದೆವು. ಪಿಸ್ತೂಲು ಎತ್ತಿ ನೋಡುತ್ತೇನೆ, ಆರಿದ ಗಾಜಿನ ನಡುವೆ ಕೆಂಪಗೆ ಚುಕ್ಕೆ ನಿಂತಿದೆ. ನನ್ನದು ಚಾಳೀಸಿನ ಕಣ್ಣು, ಹತ್ತಿರದ್ದೆಲ್ಲ ಮಸುಕು. ಇದು ಸಾಧನೆಯ ಫಲ, ಸೆಲ್ಲಿನ ಹಂಗಿಲ್ಲದೆ ಮನಸ್ಸೇ ಚುಕ್ಕೆ ಬೆಳಗುತ್ತಿದೆ ಎಂದು ತಿಳಿದೆ. ಮೈ ಜುಮ್ಮೆಂದಿತು. ಧೀರನಂತೆ ಐದು ಗುಂಡು ಹಾರಿಸಿದೆ. ಐದೂ ಕಾಗದ ಬಿಟ್ಟು ಹೋದವು.

"ಸಾವ್ಕಾರ್ರ, ನಿಮ್ಮ ಚುಕ್ಕಿ ಇನ್ನಾ ಯಾಕ ಕಾಣಾಕತ್ತದ?" ಸಾಹೇಬರು ಬಂದು ಗಾಜನ್ನು ಉಗುರಿನಿಂದ ಕೆರೆದರು. ಚುಕ್ಕೆ ಅವರ ಬೆರಳಿಗೆ ಅಂಟಿಕೊಂಡು ಬಂತು. ಸಾಸಿವೆಯಷ್ಟು ಸಣ್ಣ, ಕೆಂಪು ಟಿಕಳಿ.

ಹಿಂದಿನ ಸಾಲಿನಿಂದ ನೀಲಮ್ಮ ಎದ್ದು ನಿಂತಳು. "ನಾನ ಅಂಟಿಸೀನ್ರಿ ಸರ. ಚುಕ್ಕಿ ಇಲ್ದಿದ್ರ ಇವ್ರು ಭಾಳ ಅಂಜತಾರ."

ಎಲ್ಲರೂ ನಕ್ಕರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಅಂಜಿಕೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಇನ್ಯಾರೂ ಇಲ್ಲ.

ಸಾಹೇಬರು ಮೀಸೆಯಲ್ಲೇ ನಕ್ಕು, "ಈ ಸುತ್ತು ಲೆಕ್ಕಕ್ಕಿಲ್ಲ. ಮತ್ತ ಹೊಡೀರಿ. ತಂಗೆವ್ವಾ, ನೀವು ಇನ್ನ ಪೆಟ್ಟಿಗಿ ಮುಟ್ಟಬ್ಯಾಡ್ರಿ," ಎಂದರು.

ಮತ್ತೆ ಖಾಲಿ ಗಾಜು. ಒಂದು ಹೊಡೆದು, ಪಿಸ್ತೂಲು ಕೆಳಗಿಟ್ಟು ತಿರುಗಿ ನೋಡಿದೆ. ನೀಲಮ್ಮ ಕಣ್ಣರಳಿಸಿ ನೋಡುತ್ತಿದ್ದಳು, ಗುಂಡು ತಪ್ಪಿತ್ತು. ಮುಂದಿನ ಮೂರರ ಕಥೆಯೂ ಅದೇ. ಕೊನೆಯದಕ್ಕೆ ಉಸಿರು ಬಿಗಿಹಿಡಿದು, ಗುರಿಯನ್ನು ಚೌಕಟ್ಟಿನ ನಡುವೆ ಕೂರಿಸಿ ಪಿಸ್ತೂಲಿನ ಕುದುರೆ ಒತ್ತಿದೆ. ಗುಂಡು ಕಪ್ಪು ವೃತ್ತದ ನಡುವೆ ಬಿತ್ತು. ನಿಜವಾಗಿಯೂ ಬಿತ್ತು!

"ನೋಡಿದ್ಯೇನ, ನೀಲಾ?"

ನೀಲಮ್ಮ ಕೈ ಮುಗಿದು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಮೆಲ್ಲಗೆ ಒಂದು ಕಣ್ಣು ತೆರೆದಳು.

"ಬಿತ್ತೇನ್ರಿ? ನಾ ನೋಡಿದಾಗೆಲ್ಲ ತಪ್ಪಾಕತ್ತಿತ್ತು. ಅದಕ್ಕ ಇದೊಂದಕ್ಕ ಕಣ್ಣ ಮುಚ್ಚಿ ನೀರಮಾನ್ವಿ ಎಲ್ಲವ್ವನ್ನ ನೆನಸಿದ್ನಿ."

ಸ್ಪರ್ಧೆಯಲ್ಲಿ ನಾನು ಕಟ್ಟಕಡೆಯವನಾದೆ. ಆ ಕಾಗದವನ್ನು ಸಾಹೇಬರಿಂದ ಬೇಡಿ ತಂದು ಮನೆಯ ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ನೀಲಮ್ಮ ರಾತ್ರಿ ಮಲಗುವ ಮುಂಚೆ ಹಣೆಯ ಟಿಕಳಿ ತೆಗೆದು ಅದರ ಮೇಲೆ ಒತ್ತಿಡುತ್ತಾಳೆ. ಈಗ ಕಪ್ಪು ವೃತ್ತದ ತುಂಬ ಕೆಂಪು ಚುಕ್ಕೆಗಳು. ಮನೆಗೆ ಬಂದವರು ಕೇಳಿದರೆ, ಅವೆಲ್ಲ ನನ್ನ ಗುಂಡು ಬಿದ್ದ ಜಾಗಗಳು ಎಂದು ಗಂಭೀರವಾಗಿ ಹೇಳುತ್ತೇನೆ.

"ಒಂದ ರೀ," ಎಂದು ಅಡುಗೆಮನೆಯಿಂದ ದನಿ ಬರುತ್ತದೆ. "ಅದೂ ನಾ ನೋಡಿಲ್ಲ."