ಅತ್ತೆಯೂ ಗೋಡೆಯಿಲ್ಲದ ಅಡುಗೆಮನೆಯೂ

ನನ್ನ ಸೋದರತ್ತೆಗೆ ಇಡೀ ನ್ಯೂಜಿಲೆಂಡಿನಲ್ಲಿ ಒಪ್ಪಿಗೆಯಾದದ್ದು ಬೆಣ್ಣೆ ಒಂದೇ! ಮಿಕ್ಕಿದ್ದೆಲ್ಲ ತಪ್ಪು. ಗಾಳಿ ತಪ್ಪು, ಬಿಸಿಲು ತಪ್ಪು. ಜಾನ್ಸನ್‌ವಿಲ್‌ನ ನಮ್ಮ ಮನೆಯಲ್ಲಿ ಅಡುಗೆಮನೆಯ ಗೋಡೆ ಒಡೆಸುವ ನನ್ನ ಯೋಚನೆಯಂತೂ ಮಹಾಪರಾಧ. "ಸುತ್ತಿಗೆ ಬಿದ್ದ ದಿನವೇ ನಾನು ಮೈಸೂರಿಗೆ ಹೊರಟೆ" ಎಂದು ಪೆಟ್ಟಿಗೆ ಕಟ್ಟಿ ಕೂತರು. ನನ್ನ ಮನೆ, ನನ್ನ ಗೋಡೆ, ನಡುವೆ ಇವರದೇನು? ಬಿಲ್ಡರ್ ಸೋಮವಾರ ಬರುವವನಿದ್ದ. ನನಗೆ ಗೋಡೆಯೂ ಹೋಗಬೇಕಿತ್ತು, ಅತ್ತೆಯೂ ಇರಬೇಕಿತ್ತು.

ಮನಸ್ಸು ಬದಲಾದೀತೆಂದು ಶನಿವಾರ ಅವರನ್ನು ಪಾಮರ್ಸ್ಟನ್ ನಾರ್ತ್‌ಗೆ, ಒಂದು ಮಾದರಿ ಮನೆ ತೋರಿಸಲು ಕರೆದೊಯ್ದೆ. ಮುಂದೆ ಜನ ಹೀಗೆ ಬಾಳಬೇಕು ಎಂದು ತೋರಿಸಲಿಕ್ಕೇ ನಮ್ಮಪ್ಪ ಹುಟ್ಟುವುದಕ್ಕೂ ಮೊದಲೇ ಯಾರೋ ಕಟ್ಟಿಸಿದ್ದ ಆಧುನಿಕ ಮನೆಯಂತೆ ಅದು. ಕೆಡವಿಹಾಕಿದ್ದನ್ನು ಹಳೆಯ ನಕ್ಷೆ ಹಿಡಿದು ಈಗ ಮತ್ತೆ ಕಟ್ಟಿದ್ದಾರೆ. ಚಪ್ಪಟೆ ಚಾವಣಿ, ಎಲ್ಲೆಲ್ಲೂ ಗಾಜು, ಒಳಗೆ ಗೋಡೆಗಳಿಗೆ ಮಾತ್ರ ಬರಗಾಲ.

ಬಾಗಿಲಲ್ಲೇ ಶುರುವಾಯಿತು. ಅತ್ತೆ ಚಪ್ಪಲಿ ಬಿಟ್ಟರು. ಉಳಿದವರೂ ಬಿಡುವವರೆಗೆ ಹೊಸ್ತಿಲಿನಿಂದ ಅಲುಗಲಿಲ್ಲ. ಮನೆ ತೋರಿಸುವ ಹೆಂಗಸು, ಪಾಪ, ತೂತು ಕಾಲುಚೀಲದಲ್ಲೇ ವಾಸ್ತುಶಿಲ್ಪ ವಿವರಿಸಿದಳು.

"ಮತ್ತೆ ಕಟ್ಟಿದಾರಲ್ಲ, ಹಾಲುಕ್ಕಿಸಿದ್ರಾ ಕೇಳು" ಎಂದರು ಅತ್ತೆ.

ಕೇಳಿದೆ. ಇಲ್ಲಿ ಯಾರೂ ವಾಸವಿಲ್ಲ, ಒಲೆಗೆ ಕರೆಂಟೇ ಇಲ್ಲ ಎಂದಳು ಆಕೆ.

"ಒಲೆ ಹಚ್ಚದೋರು ಹಿಂಗ್ ಬಾಳಿ ಅಂತ ನಮಗೆ ಹೇಳೋಕೆ ಬಂದ್ರಾ? ಹೇಳು ಅವಳಿಗೆ."

ಅತ್ತೆಗೆ ಬೆಳಕು ತುಂಬ ಹಿಡಿಸಿತಂತೆ ಎಂದು ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಬೇರೆ ದಾರಿಯಿತ್ತೇ?

ಅಡುಗೆ ಜಾಗಕ್ಕೆ ಬಂದೆವು. ಒಂದು ಕಟ್ಟೆ, ಅದರಾಚೆ ನೇರ ಸೋಫಾ.

"ಬಾಗಿಲೆಲ್ಲೇ ಇದಕ್ಕೆ?"

"ಇಲ್ಲ ಅತ್ತೆ."

"ಒಗ್ಗರಣೆ ಹಾಕಿದ್ರೆ ಸೋಫಾನೂ ಸೀನತ್ತೆ."

ನನಗೂ ರೇಗಿತು. ಇಷ್ಟು ದೂರ ಕಾರು ಓಡಿಸಿದ್ದು ಇದನ್ನು ಕೇಳಲಿಕ್ಕೇ? ಅಷ್ಟರಲ್ಲಿ ಅತ್ತೆ ಕಟ್ಟೆಯ ಹಿಂದೆ ಹೋಗಿ ಒಲೆಯ ಮುಂದೆ ನಿಂತರು. "ಹೋಗಿ ಆ ಸೋಫಾ ಮೇಲೆ ಕೂತ್ಕೋ."

"ಮುಟ್ಟಬಾರದು ಅಂತ ಬೋರ್ಡಿದೆ."

"ಕೂತ್ಕೋ ಅಂದ್ನಲ್ಲ."

ಕೂತೆ. ಮನೆ ತೋರಿಸುವವಳು ಕಿಟಕಿಯಾಚೆ ನೋಡತೊಡಗಿದಳು. ಅತ್ತೆ ಬಹಳ ಹೊತ್ತು ನನ್ನನ್ನೇ ದಿಟ್ಟಿಸಿದರು.

"ನಿನ್ ಮುಖ ಕಾಣ್ಸತ್ತೆ ಇಲ್ಲಿಂದ" ಎಂದರು. ದನಿ ಇಳಿದಿತ್ತು. "ಮೈಸೂರಲ್ಲಿ ನಾನು ಒಳಗೆ ದೋಸೆ ಹಾಕ್ತಿದ್ರೆ ನಡುಮನೇಲಿ ಎಲ್ರೂ ಜೋರಾಗಿ ನಗೋರು ಕಣೆ. ಒಲೆ ಸಣ್ಣ ಮಾಡಿ ಓಡಿಬಂದು, ಏನಕ್ಕೆ ನಕ್ಕಿದ್ದು ಅಂತ ಕೇಳೋಷ್ಟ್ರಲ್ಲಿ ಎಲ್ಲಾ ಮುಗಿದಿರೋದು. ಏನಿಲ್ಲ ಬಿಡು ಅನ್ನೋರು."

ನನಗೆ ಅಳು ಬಂತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಗದರಿದರು:

"ಸೋಮವಾರದ ತನಕ ಆ ಬಿಲ್ಡರ್‌ಗೆ ಅದೇನ್ ಕಡಿಯೋ ಕೆಲಸವಂತೆ?"